ಅತ್ತೆಯ ಹತ್ತು ಬೆರಳು, ನನ್ನ ಆರು ಗಿಡ

"ಈ ಸಲ ನಮ್ಮನೆ ಗಾಂಜಾ ನಾನೇ ಬೆಳೀತೀನಿ! ಅಂಗಡಿ ಗೊಬ್ಬರ ಒಂದು ಚಿಟಿಕೆನೂ ಮುಟ್ಟಲ್ಲ. ಶುದ್ಧ ಸಾವಯವ!"

ಅಕ್ಟೋಬರಿನ ಒಂದು ಭಾನುವಾರ ಊಟದ ಮೇಜು ಗುದ್ದಿ ನಾನು ಹೀಗೆ ಘೋಷಿಸಿದಾಗ ಮೊಂತೆವಿದೇಯೊ ನಗರದ ನಮ್ಮ ಸೆರ್ರೊ ಗುಡ್ಡವೇ ಒಮ್ಮೆ ನಡುಗಿರಬೇಕು. ಕಣ್ಣಿಗೆ ಕಂಡಂತೆ ನಡುಗಿದ್ದು ಮಾತ್ರ ಸಲಾಡಿನ ಬಟ್ಟಲು. ಹೆಂಡತಿ ಮಿರ್ತಾ ಅದನ್ನು ಹಿಡಿದು ನಿಲ್ಲಿಸಿ, "ಹೋದ ವರ್ಷ ಈರುಳ್ಳಿ ನೆಟ್ಟಿದ್ದೆಯಲ್ಲ, ಅದೇನಾಯ್ತು?" ಎಂದು ಕೇಳಿದಳು.

"ಅದು ಬೀಜದ ತಪ್ಪು."

"ಟೊಮೇಟೊ?"

"ಅದು ಹವಾಮಾನದ ತಪ್ಪು."

"ಹಾಗಾದ್ರೆ ಇದು ಯಾರ ತಪ್ಪು ಅಂತ ಈಗ್ಲೇ ಹುಡುಕಿಟ್ಕೊ. ಆಮೇಲೆ ಗಡಿಬಿಡಿ ಆಗತ್ತೆ."

ನನ್ನ ಈ ಭೀಷ್ಮಪ್ರತಿಜ್ಞೆಗೆ ಕಾರಣ ನನ್ನ ಅತ್ತೆ ಎತೆಲ್ವಿನಾ. ಅವರಿಗೆ ವಯಸ್ಸು ಎಂಬತ್ತನಾಲ್ಕು, ಅವರ ನಾಲಿಗೆಗೆ ಇಪ್ಪತ್ತು. ನಮ್ಮ ಪಿಂಚಣಿದಾರರ ಕ್ಲಬ್ಬಿನಲ್ಲಿ ತ್ರುಕೊ ಎಂಬ ಇಸ್ಪೀಟಿನ ಆಟಕ್ಕೆ ಕೂತರೆ ಅವರನ್ನು ಮೀರಿಸಿದವರಿರಲಿಲ್ಲ. ಆದರೆ ಆ ವರ್ಷದ ಮೇ ತಿಂಗಳ ಪಂದ್ಯದಲ್ಲಿ, ಸಂಧಿವಾತದಿಂದ ಸೆಟೆದುಕೊಂಡ ಬೆರಳುಗಳ ನಡುವಿನಿಂದ ಒಂದು ಎಲೆ ಜಾರಿ ಮೇಜಿನ ಮೇಲೆ ಅಂಗಾತ ಬಿತ್ತು. ಎದುರಾಳಿಗಳು ಫ್ರೊಯ್ಲಾನ್ ಮತ್ತು ಅದೆಮಾರ್, ಮಾಂಸದ ಕಾರ್ಖಾನೆಯಿಂದ ನಿವೃತ್ತರಾದ ಅಣ್ಣತಮ್ಮಂದಿರು. ಫ್ರೊಯ್ಲಾನ್ ಆ ಎಲೆಯನ್ನು ಎತ್ತಿ, ಮಗುವಿಗೆ ಗಿಲಕಿ ಕೊಡುವ ಹಾಗೆ ಅತ್ತೆಯ ಕೈಗಿಟ್ಟು, "ಜೋಪಾನ ಅಜ್ಜೀ" ಎಂದ.

ಅತ್ತೆ ಸೋತದ್ದಕ್ಕೆ ಅಳಲಿಲ್ಲ. ಆ ಮಾತಿಗೆ ಅತ್ತರು. ಮನೆಗೆ ಬಂದವರೇ, "ಇನ್ನೊಂದು ವರ್ಷ ನೋಡ್ತೀನಿ. ಬರೋ ಮೇ ತಿಂಗಳ ಪಂದ್ಯದಲ್ಲೂ ಕೈಯಿಂದ ಎಲೆ ಬಿದ್ರೆ, ಆ ಕ್ಲಬ್ಬಿನ ಮೆಟ್ಟಿಲು ಹತ್ತಲ್ಲ" ಎಂದು ರೂಮಿನ ಬಾಗಿಲು ಹಾಕಿಕೊಂಡರು.

ಆ ಬೆರಳುಗಳಿಗೆ ಸ್ವಲ್ಪ ಹಿತವೆನಿಸುತ್ತಿದ್ದದ್ದು ಒಂದೇ. ಗಾಂಜಾ ಹೂವನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಜೇನುಮೇಣ ಬೆರೆಸಿ ಮಾಡಿದ ಮುಲಾಮು. ಮಾಡಿಕೊಡುತ್ತಿದ್ದವನು ಪಕ್ಕದ ಮನೆಯ ವಿಲ್ಮಾರ್. ಅತ್ತೆ ದಿನಾ ಸಂಜೆ ಅದನ್ನು ತಿಕ್ಕಿಕೊಳ್ಳುತ್ತಾ, "ವಿಲ್ಮಾರ್ ಕೈಗುಣಾನೇ ಬೇರೆ" ಎಂದು ನನ್ನ ಕಡೆ ನೋಡುತ್ತಿದ್ದರು. ಮೂವತ್ತೊಂದು ವರ್ಷ ಮೊಂತೆವಿದೇಯೊದ ಬಸ್ಸು ಓಡಿಸಿದ ಅಳಿಯ ಮನೆಯಲ್ಲಿ ಜೀವಂತ ಕೂತಿರುವಾಗ, ಅತ್ತೆಯ ಬೆರಳಿಗೆ ಪಕ್ಕದ ಮನೆಯವನ ಮುಲಾಮೇ? ನಮ್ಮ ದೇಶದಲ್ಲಿ ಗಾಂಜಾ ಬೆಳೆಯುವವರು ಅಂಚೆ ಕಚೇರಿಯಲ್ಲಿ ನೋಂದಾಯಿಸಬೇಕು; ಹೋಗಿ ಬೆಳೆಗಾರನೆಂದು ಹೆಸರು ಬರೆಸಿದೆ. ಮನೆಗೆ ಆರು ಗಿಡ ಎಂದಿದೆ ಕಾನೂನು. ಆರೇ ನೆಟ್ಟೆ!

ವಿಲ್ಮಾರ್ ಸಜ್ಜನ. ಗೋಡೆಯ ಮೇಲಿಂದ ತಲೆ ಹಾಕಿ ಉಪದೇಶವನ್ನೂ ಕೊಟ್ಟ.

"ಮಳೆನೀರು ಹಾಕು. ಎರೆಗೊಬ್ಬರ ಎರಡು ಸಲ ಕೊಡು. ಆಮೇಲೆ ಎರಡೂ ಕೈ ಜೇಬಲ್ಲಿಟ್ಕೊ."

"ಜೇಬಲ್ಲಾ?"

"ಹ್ಞೂಂ ಮಾರಾಯ. ಕಷ್ಟ ಇರೋದೇ ಅಲ್ಲಿ."

ಮುಖ್ಯವಾದ ಗುಟ್ಟನ್ನು ಈತ ಮುಚ್ಚಿಡುತ್ತಿದ್ದಾನೆ ಎಂದು ನನಗೆ ಆಗಲೇ ಅನುಮಾನ ಬಂತು. ಅಲ್ಲದೆ ನನ್ನದು ಮೂವತ್ತೊಂದು ವರ್ಷ ನಿಮಿಷಕ್ಕೊಮ್ಮೆ ಬ್ರೇಕು ತುಳಿದ ಕಾಲು. ನಿವೃತ್ತಿಯಾಗಿ ಸೋಫಾದಲ್ಲಿ ಕೂತರೂ ನೆಲವನ್ನು ತುಳಿಯುತ್ತಲೇ ಇರುತ್ತದೆ. ಕೈಯೋ, ಗೇರಿಗಾಗಿ ತಡಕಾಡುತ್ತಿರುತ್ತದೆ. ಇಂಥವನಿಗೆ ಸುಮ್ಮನಿರು ಎಂದರೆ? ಬೆಳಿಗ್ಗೆ ಆರಕ್ಕೆ ಒಮ್ಮೆ ಗಿಡ ನೋಡುತ್ತಿದ್ದೆ. ಆರೂಕಾಲಿಗೆ ಮತ್ತೊಮ್ಮೆ ಹೋಗಿ, ಹದಿನೈದು ನಿಮಿಷದಲ್ಲಿ ಎಷ್ಟು ಬೆಳೆದಿದೆ ಎಂದು ಅಳೆಯುತ್ತಿದ್ದೆ.

ಮೊದಲ ತೊಂದರೆ ನೀರಿನದು. ನವೆಂಬರಿನಲ್ಲಿ ಮಳೆ ಮುಖ ತೋರಿಸಲಿಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್! ಅದು ಮಣ್ಣಿನ ಜೀವಾಣುಗಳಿಗೆ ಆಗುವುದಿಲ್ಲವಂತೆ. ಬಾಯಿ ತೆರೆದ ಪಾತ್ರೆಯಲ್ಲಿ ಒಂದು ದಿನ ಇಟ್ಟರೆ ಹಾರಿಹೋಗುತ್ತದಂತೆ. ಸರಿ, ಮನೆಯಲ್ಲಿ ಬಾಯಿ ತೆರೆದದ್ದೆಲ್ಲಕ್ಕೂ ನೀರು ತುಂಬಿಸಿದೆ, ಅತ್ತೆ ಒಬ್ಬರನ್ನು ಬಿಟ್ಟು. ಬಕೆಟ್ಟು, ಬೋಗುಣಿ, ಹೂದಾನಿ, ಸ್ನಾನದ ತೊಟ್ಟಿ ಯಾವುದನ್ನೂ ಬಿಡಲಿಲ್ಲ.

"ಎಲ್ಬಿಯೊ! ನನ್ನ ಹಲ್ಲಿನ ಲೋಟ ಎಲ್ಲಿ?" ಅತ್ತೆ ಕೂಗಿದರು.

"ಕಿಟಕಿ ಮೇಲಿದೆ ಅತ್ತೆ, ಕ್ಲೋರಿನ್ ಹೋಗ್ತಾ ಇದೆ."

"ಹಲ್ಲು?"

"ಕರ್ಚೀಫಲ್ಲಿ ಭದ್ರವಾಗಿ ಕಟ್ಟಿಟ್ಟಿದೀನಿ."

"ಯಾವ ಕರ್ಚೀಫು?"

ಆ ಕರ್ಚೀಫು ನನ್ನ ಪ್ಯಾಂಟಿನ ಹಿಂದಿನ ಜೇಬಿನಲ್ಲಿತ್ತು. ನಾನು ಕೂತಿದ್ದೆ. ವಿವರ ಬೇಡ.

ಮಿರ್ತಾ ಖಾಲಿ ಕೆಟಲ್ ಹುಡುಕಿಕೊಂಡು ಬಂದಳು. ನಮ್ಮಲ್ಲಿ ಬೆಳಿಗ್ಗೆ ಮಾಟೆ ಕುಡಿಯದ ಹೆಂಗಸಿನ ಎದುರು ಪೊಲೀಸರೂ ನಿಲ್ಲುವುದಿಲ್ಲ. ಸೋರೆಬುರುಡೆಯಲ್ಲಿ ಮಾಟೆ ಸೊಪ್ಪು ತುಂಬಿ, ಬಿಸಿನೀರು ಹೊಯ್ದು, ಕೊಳವೆಯಿಂದ ಹೀರಿದ ಮೇಲೇ ನಮಗೆ ಬೆಳಗಾಗುವುದು.

"ಕೆಟಲ್ ಕೊಡು."

"ಇನ್ನೂ ಏಳು ಗಂಟೆ ಬಾಕಿ ಇದೆ."

"ಸ್ನಾನಕ್ಕೆ ತೊಟ್ಟೀನಾದ್ರೂ ಬಿಡು."

"ಅದಕ್ಕೆ ಹನ್ನೊಂದು ಗಂಟೆ."

"ಎಲ್ಬಿಯೊ, ನಾನು ನಿನ್ನನ್ನ ಮದ್ವೆ ಆಗಿ ಮೂವತ್ತೆಂಟು ವರ್ಷ ಆಯ್ತು. ಅದೂ ಹಾರಿಹೋಗೋಕೆ ಎಷ್ಟು ಗಂಟೆ ಬೇಕು, ಹೇಳು."

ಇಷ್ಟು ಕಷ್ಟಪಟ್ಟು ಶುದ್ಧಿ ಮಾಡಿದ ನೀರು ಚೆಲ್ಲಲು ಮನಸ್ಸು ಬರುತ್ತದೆಯೇ? ಅಷ್ಟನ್ನೂ ಗಿಡಗಳಿಗೇ ಕುಡಿಸಿದೆ. ಎಲೆ ಬಾಡಿದವು. ಬಾಯಾರಿಕೆ ಎಂದುಕೊಂಡು ಇನ್ನೂ ಕುಡಿಸಿದೆ. ಡಿಸೆಂಬರ್ ಮೊದಲ ವಾರ ಎರಡು ಗಿಡಗಳು, ಒಣಬಿಸಿಲಿನಲ್ಲಿ, ನೀರಿನಲ್ಲಿ ಮುಳುಗಿ ಸತ್ತವು.

ಉಳಿದದ್ದು ನಾಲ್ಕು. ಪೋಷಣೆ ಸಾಲದು ಎನಿಸಿತು. ಹೀರಿ ಬಿಟ್ಟ ಮಾಟೆ ಸೊಪ್ಪು ಒಳ್ಳೆಯ ಗೊಬ್ಬರ ಎಂದು ಯಾರೋ ಹೇಳಿದ್ದು ನೆನಪಾಯಿತು. ಕೊಳೆಸಿ ಹಾಕಬೇಕು ಎಂದೂ ಹೇಳಿದ್ದರು. ಕೊಳೆಯುವವರೆಗೆ ಕಾಯುವ ವ್ಯವಧಾನ ಯಾರಿಗಿದೆ! ಚೀಲ ಹಿಡಿದು ಬೀದಿಯ ಮನೆಮನೆಗೆ ಹೋಗಿ ಬೇಡಿದೆ. ವಾರದೊಳಗೆ ಇಡೀ ಬೀದಿ ತನ್ನ ಸೊಪ್ಪನ್ನು ನಮ್ಮ ಗೇಟಿನ ಮುಂದೆ ಸುರಿಯತೊಡಗಿತು. ಗಿಡದ ಬುಡಕ್ಕೆ ಹಸಿಹಸಿಯಾಗಿ ಒಂದು ಗೇಣು ದಪ್ಪ ಹಾಸಿದೆ. ಮೂರನೆಯ ಗಿಡ ಬಿಳಿ ಬೂಷ್ಟು ಹೊದ್ದುಕೊಂಡು ಮಲಗಿತು, ಏಳಲಿಲ್ಲ. ನೊಣಗಳು ಮಾತ್ರ ಎದ್ದವು. ಬೀದಿಯವರಿಗೆ ಸುರಿಯುವ ಅಭ್ಯಾಸ ಈಗಲೂ ಹೋಗಿಲ್ಲ.

ನಾಲ್ಕನೆಯದಕ್ಕೆ ಬೂದಿ ಹಾಕಿದೆ. ಭಾನುವಾರ ಕೆಂಡದ ಮೇಲೆ ದನದ ಪಕ್ಕೆ ಸುಡುತ್ತೇವಲ್ಲ, ಆ ಒಲೆಯ ಬೂದಿ. ಎಂಥ ಉತ್ತಮ ವಿಚಾರ! ಮಾಂಸದ ಮೇಲೆ ಹಿಡಿಹಿಡಿ ಕಲ್ಲುಪ್ಪು ಉದುರಿಸುವವನೂ, ಅದರಲ್ಲಿ ಅರ್ಧ ಒಲೆಗೆ ಬೀಳುವುದನ್ನು ಪ್ರತಿ ಭಾನುವಾರ ನೋಡುವವನೂ ನಾನೇ. ಗಿಡ ಮೂರು ದಿನದಲ್ಲಿ ಉಪ್ಪಿನಕಾಯಿಯಾಯಿತು.

ಐದನೆಯದು ಜನವರಿಯಲ್ಲಿ ಎದೆಯೆತ್ತರ ಬೆಳೆದು ನಿಂತಿತು. ಆನಂದದಿಂದ ವಿಲ್ಮಾರ್‌ನನ್ನು ಕರೆದು ತೋರಿಸಿದೆ. ಆ ಶಾಂತಮೂರ್ತಿ ಗೋಡೆ ಹಾರಿ ಬಂದ!

"ಕೀಳು! ಈಗ್ಲೇ ಕೀಳು! ಇದು ಗಂಡು ಕಣೋ! ಪರಾಗ ಹಾರಿದ್ರೆ ಇಡೀ ಬೀದಿ ಹೂವಲ್ಲಿ ಬೀಜ ಕಟ್ಟತ್ತೆ, ಯಾರಿಗೂ ಏನೂ ಸಿಗಲ್ಲ!"

ಕಿತ್ತೆವು. ಮಿರ್ತಾ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಕೆಲಸಕ್ಕೆ ಬಾರದ ಗಂಡು ಹಿತ್ತಲಲ್ಲಿ ಸುಮ್ನೆ ನಿಂತಿದ್ರೆ ಏನ್ಮಾಡ್ತಾರೆ ಅಂತ ಗೊತ್ತಾಯ್ತಲ್ಲ. ಹುಷಾರು" ಎಂದಳು.

ಒಂದೇ ಒಂದು ಗಿಡ ಉಳಿಯಿತು. ಪಂದ್ಯಕ್ಕೆ ನಾಲ್ಕು ತಿಂಗಳು. ಅತ್ತೆ ದಿನಾ ಹಿತ್ತಲಿಗೆ ಬಂದು ಆ ಗಿಡವನ್ನೂ ತಮ್ಮ ಬೆರಳನ್ನೂ ಒಂದು ಸಲ ನೋಡಿಕೊಂಡು ಏನೂ ಹೇಳದೆ ಒಳಗೆ ಹೋಗುತ್ತಿದ್ದರು. ಬೈದಿದ್ದರೆ ಸಹಿಸಬಹುದಿತ್ತು. ಈ ಗಿಡಕ್ಕೆ ಲೋಕದಲ್ಲಿರುವ ಅತ್ಯುತ್ತಮ ಆಹಾರವನ್ನೇ ಉಣಿಸಬೇಕೆಂದು ಶಪಥ ಮಾಡಿದೆ. ಅದು ಮೀನು!

ಕೊಲ್ಲಿಯ ದಡಕ್ಕೆ ಹೋಗಿ ಬೆಸ್ತರಿಂದ ಎರಡು ಚೀಲ ಮೀನಿನ ತಲೆ ತಂದೆ. ಪೀಪಾಯಿಗೆ ಹಾಕಿ, ಕಾಕಂಬಿ ಸುರಿದು, ನೀರು ತುಂಬಿ, ಮುಚ್ಚಳ ಬಿಗಿದೆ. ಅದು ಹುಳಿಯುವಾಗ ಗಾಳಿ ಕಟ್ಟಿಕೊಳ್ಳುತ್ತದೆ. ದಿನಕ್ಕೊಂದು ಸಲ ಮುಚ್ಚಳ ಸಡಿಲಿಸಬೇಕು. ನನಗೆ ಹೇಳಬೇಕೇ? ದಿನಕ್ಕೆ ಎಂಟು ಸಲ ಸಡಿಲಿಸುತ್ತಿದ್ದೆ. ಆದರೆ ಆ ವಾರ ಮಿರ್ತಾ, "ನಿನ್ನನ್ನ ಆ ಪೀಪಾಯಿಂದ ಬಿಡಿಸ್ದಿದ್ರೆ ನೀನೂ ಹುಳೀತೀಯ" ಎಂದು ತಂಗಿಯ ಮನೆಗೆ ಮೂರು ದಿನ ಎಳೆದುಕೊಂಡು ಹೋದಳು. ಅಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ವಾಪಸ್ ಬಂದವನು ಬೂಟು ಕೂಡ ಬಿಚ್ಚದೆ ಓಡಿಹೋಗಿ, ಪೀಪಾಯಿಯ ಮೇಲೆ ಬಗ್ಗಿ, ಮುಚ್ಚಳಕ್ಕೆ ಕೈ ಹಾಕಿದೆ.

ಢಂ!

ಮುಚ್ಚಳ ವಿಲ್ಮಾರ್‌ನ ಹಿತ್ತಲಿಗೆ ಹಾರಿತು. ಒಳಗಿದ್ದದ್ದರಲ್ಲಿ ಕಾಲುಭಾಗ ನನ್ನ ಮುಖಕ್ಕೂ, ಇನ್ನೊಂದು ಪಾಲು ತಂತಿಯ ಮೇಲಿದ್ದ ಅತ್ತೆಯ ಬಿಳಿ ಮೇಲುಹಾಸುಗಳಿಗೂ ಹಂಚಿಹೋಯಿತು. ನನ್ನ ಮೂಗು ಅಂದು ಕೊಟ್ಟ ರಾಜೀನಾಮೆಯನ್ನು ಆ ವರ್ಷವೆಲ್ಲ ಹಿಂತೆಗೆದುಕೊಳ್ಳಲಿಲ್ಲ.

"ಇವತ್ತಿಂದ ನೀನು ಹಿತ್ತಲ ಶೆಡ್ಡಲ್ಲಿ ಮಲಗು," ಎಂದಳು ಮಿರ್ತಾ, ಮೂಗಿಗೆ ಸೆರಗಿನಂತೆ ಟವೆಲು ಹಿಡಿದು.

"ಎಲ್ಲಿವರೆಗೆ?"

"ಬೀದಿ ಬೆಕ್ಕು ನಿನ್ನ ಹಿಂದೆ ಬರೋದು ನಿಲ್ಲಿಸೋವರೆಗೆ."

ಪೀಪಾಯಿಯಲ್ಲಿ ಅರ್ಧದಷ್ಟು ಉಳಿದಿತ್ತು. ನೀರು ಬೆರೆಸಿ ಗಿಡಕ್ಕೆ ಕೊಟ್ಟೆ. ಏನು ಹೇಳಲಿ! ಗಿಡ ಕಪ್ಪು ಹಸಿರಾಗಿ, ತೋಳು ಚಾಚಿ, ಮಾರ್ಚಿನಲ್ಲಿ ಗೊಂಚಲು ಗೊಂಚಲು ಹೂ ಬಿಟ್ಟಿತು. ವಿಲ್ಮಾರ್ ಗೋಡೆಯ ಮೇಲಿಂದ ನೋಡಿ, ಒಂದು ಹೆಜ್ಜೆ ಹಿಂದೆ ನಿಂತು ಹೇಳಿದ: "ಚೆನ್ನಾಗಿದೆ ಎಲ್ಬಿಯೊ. ಇನ್ನು ಸಾಕು. ಕೊಯ್ಯೋವರೆಗೆ ಬರೀ ನೀರು. ಹೂವಿನ ಮೇಲಂತೂ ಏನೂ ಸಿಂಪಡಿಸ್ಬೇಡ, ದಮ್ಮಯ್ಯ."

ಎರಡು ದಿನ ತಡೆದುಕೊಂಡೆ. ನಿಜವಾಗಿ ಎರಡು ದಿನ! ಮೂರನೆಯ ದಿನ ಹೂವು ಸ್ವಲ್ಪ ಸೊರಗಿದಂತೆ ಕಂಡಿತು. ಮಿರ್ತಾ ಗಾಜು ಒರೆಸಲು ಇಟ್ಟುಕೊಂಡಿದ್ದ ಪಿಚಕಾರಿ ಬಾಟಲಿಗೆ ಮೀನಿನ ನೀರು ತುಂಬಿ, ಒಂದೊಂದು ಹೂವಿಗೂ ಸಿಂಪಡಿಸಿದೆ. ಕೊಯ್ಯುವ ಹಿಂದಿನ ದಿನದವರೆಗೂ ಸಿಂಪಡಿಸಿದೆ. ಒಳ್ಳೆಯದನ್ನು ಅರ್ಧಕ್ಕೆ ನಿಲ್ಲಿಸುವುದು ನನ್ನ ಸ್ವಭಾವವಲ್ಲ.

ಏಪ್ರಿಲಿನಲ್ಲಿ ಕೊಯ್ದು, ಶೆಡ್ಡಿನಲ್ಲಿ ತಲೆಕೆಳಗಾಗಿ ನೇತುಹಾಕಿ ಒಣಗಿಸಿ, ಮುಲಾಮು ಕಾಯಿಸಿದೆ. ಅಂದು ಮನೆಯ ಹೆಂಗಸರಿಬ್ಬರೂ ಹೇಳದೆ ಕೇಳದೆ ಚರ್ಚಿಗೆ ಹೋದರು. ವಾರದ ನಡುವಿನ ದಿನ! ಭಕ್ತಿ ಹೆಚ್ಚಿತೆಂದುಕೊಂಡೆ. ಸಂಜೆ ಡಬ್ಬಿಯನ್ನು ಅತ್ತೆಯ ಮುಂದಿಟ್ಟು, "ತಗೊಳ್ಳಿ ಅತ್ತೆ! ನಮ್ಮ ಮನೇದು!" ಎಂದೆ. ಅವರು ಮುಚ್ಚಳ ತೆಗೆದರು. ಕಣ್ಣಲ್ಲಿ ನೀರು ತುಂಬಿತು. ಮಾತು ಹೊರಡದೆ ನನ್ನ ತೋಳು ತಟ್ಟಿದರು. ನನಗೂ ಕಣ್ಣು ತೇವವಾಯಿತು. ಆ ಡಬ್ಬಿಯನ್ನು ಅವರು ಮೂರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಹೊರಗೆ ಕಿಟಕಿಯ ಕಟ್ಟೆಯ ಮೇಲಿಟ್ಟರು. ಅಷ್ಟು ಜತನ!

ಮಾರನೆಯ ದಿನ ಫ್ರೊಯ್ಲಾನ್ ಪಂದ್ಯದ ಪಟ್ಟಿ ಕೊಡಲು ಬಂದಾಗ ಅತ್ತೆ ಡಬ್ಬಿಯನ್ನು ತೆಗೆದು ತೋರಿಸಿದರು. "ನಮ್ಮಳಿಯ ಮಾಡಿದ್ದು" ಎಂದರು. ಫ್ರೊಯ್ಲಾನ್ ಮೂಗು ಸಿಂಡರಿಸಿ, ಬೇಗ ಹೊರಟುಹೋದ. ಹೊಟ್ಟೆಕಿಚ್ಚು! ಅತ್ತೆ ಅವನ ಬೆನ್ನನ್ನೇ ನೋಡುತ್ತಾ ತುಂಬ ಹೊತ್ತು ಯೋಚಿಸುತ್ತಾ ನಿಂತಿದ್ದರು.

ಮೇ ತಿಂಗಳ ಪಂದ್ಯದ ದಿನ ಬಂತು. ಅತ್ತೆಯ ಹಳೆಯ ಜೊತೆಗಾರ ಮಗಳ ಊರಿಗೆ ಹೋಗಿದ್ದರಿಂದ ಜೊತೆಗೆ ಕೂತವನು ನಾನು. ಅತ್ತೆ ಕಪ್ಪು ಶಾಲು ಹೊದ್ದಿದ್ದರು, ನೆಗಡಿಯೆಂದು ಎರಡೂ ಹೊಳ್ಳೆಗೆ ಹತ್ತಿ ತುರುಕಿಕೊಂಡಿದ್ದರು.

ತ್ರುಕೊದಲ್ಲಿ ಜೊತೆಗಾರರು ಎದುರುಬದುರು ಕೂರುತ್ತಾರೆ. ಕೈಯಲ್ಲಿ ಯಾವ ಎಲೆ ಇದೆಯೆಂದು ಮುಖದಲ್ಲೇ ಸನ್ನೆ ಮಾಡಿ ತಿಳಿಸಬೇಕು. ಅದು ಮೋಸವಲ್ಲ, ಅದೇ ಆಟ. ಹುಬ್ಬು ಏರಿಸಿದರೆ ಒಂದು ಎಲೆ, ಕಣ್ಣು ಹೊಡೆದರೆ ಇನ್ನೊಂದು. ಮೂಗು ಸಿಂಡರಿಸಿದರೆ ತುರುಪಿನ ಐದು ಇದೆ ಎಂದು ಅರ್ಥ. ಬಲವಾದ ಎಲೆ ಅದು.

ನಾನು ಅತ್ತೆಯ ಬೆರಳುಗಳನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಮೂರು ಎಲೆಗಳನ್ನು ಹಿಡಿದ ಆ ಗಂಟುಗಂಟು ಬೆರಳುಗಳು! ಮೇಜಿನ ಕೆಳಗೆ ನನ್ನ ಕಾಲು ಬ್ರೇಕು ತುಳಿಯುತ್ತಲೇ ಇತ್ತು. ಮೊದಲ ಸುತ್ತು ಗೆದ್ದೆವು. ಎರಡನೆಯದೂ ಗೆದ್ದೆವು. ಎದುರಾಳಿಗಳೆಲ್ಲ ಅದೇಕೋ ಹುಚ್ಚು ಹಿಡಿದವರಂತೆ ಪಣ ಏರಿಸಿ ಏರಿಸಿ ಸೋಲುತ್ತಿದ್ದರು. ಕೊನೆಗೆ ಫ್ರೊಯ್ಲಾನ್ ಮತ್ತು ಅದೆಮಾರ್ ಬಂದು ಕೂತರು.

ಮೊದಲು ಮೂವತ್ತು ಅಂಕ ಮುಟ್ಟಿದವರು ಗೆದ್ದಂತೆ. ಅವರು ಇಪ್ಪತ್ತೇಳು, ನಾವು ಇಪ್ಪತ್ತಾರು. ಎಲೆ ಹಂಚಿದರು. ಅತ್ತೆಯ ಹೆಬ್ಬೆರಳು ನಡುಗಿತು. ನಡುವಿನ ಎಲೆ ಸ್ವಲ್ಪ ಮೇಲೆ ಸರಿದು ವಾಲಿತು. ನಾನು ಎರಡೂ ಕಾಲಲ್ಲಿ ಬ್ರೇಕು ತುಳಿದೆ. ಅತ್ತೆ ಕಣ್ಣು ಮುಚ್ಚಿ, ತುಟಿ ಕಚ್ಚಿ, ನಿಧಾನವಾಗಿ ಬೆರಳು ಬಿಗಿದು ಎಲೆಯನ್ನು ಒಳಗೆ ಎಳೆದುಕೊಂಡರು. ಆಮೇಲೆ, ಸೆಕೆಯಾದವರಂತೆ, ಶಾಲಿನ ಅಂಚನ್ನು ಎರಡು ಸಲ ಬೀಸಿಕೊಂಡರು.

ಫ್ರೊಯ್ಲಾನ್ ಮೂಗು ಸಿಂಡರಿಸಿದ. ಅದನ್ನು ನೋಡಿದ ಅದೆಮಾರ್‌ನ ಮುಖ ಅರಳಿ, ಮರುಕ್ಷಣವೇ ಅವನ ಮೂಗೂ ಸಿಂಡರಿಸಿತು. ಅದನ್ನು ಕಂಡು ಫ್ರೊಯ್ಲಾನ್ ಅರಳಿದ.

"ತ್ರುಕೊ!" ಎಂದು ಕೂಗಿ ಫ್ರೊಯ್ಲಾನ್ ಪಣ ಏರಿಸಿದ.

"ರೆತ್ರುಕೊ!" ಅತ್ತೆ ಇನ್ನೂ ಏರಿಸಿದರು.

"ನಾಲ್ಕು!" ಅದೆಮಾರ್ ಪಣವನ್ನು ನಾಲ್ಕು ಅಂಕಕ್ಕೇರಿಸಿ ಮೇಜು ಗುದ್ದಿದ.

"ಬರ್ಲಿ!"

ಅತ್ತೆ ಎಲೆಯನ್ನು ಮೇಜಿಗೆ ಬಡಿದರು. ತುರುಪಿನ ಐದು! ಅದು ಮೊದಲಿನಿಂದಲೂ ಅವರ ಕೈಯಲ್ಲೇ ಇತ್ತು. ನಾಲ್ಕು ಅಂಕ ನಮಗೆ. ಇಪ್ಪತ್ತಾರು ಮತ್ತು ನಾಲ್ಕು ಮೂವತ್ತು!

"ಐದು ನಿನ್ನ ಹತ್ರ ಇದೆ ಅಂತ ಮೂಗು ಸಿಂಡರಿಸಿದ್ಯಲ್ಲೋ!" ಫ್ರೊಯ್ಲಾನ್ ಅರಚಿದ.

"ಮೊದ್ಲು ಸಿಂಡರಿಸಿದ್ದು ನೀನು!"

"ನಾನು ಸನ್ನೆ ಮಾಡ್ಲಿಲ್ಲ ಕಣೋ, ಏನೋ ನಾರ್ತಾ ಇತ್ತು!"

"ನಂಗೂ ನಾರ್ತಾ ಇತ್ತು!"

ಅವರ ಜಗಳ ಮುಗಿಯುವವರೆಗೆ ನಾವು ಕಾಯಲಿಲ್ಲ. ಆಟ ನೋಡಲು ಬಂದಿದ್ದ ಮಿರ್ತಾಳೂ ಸೇರಿ ಮೂವರೂ ಮನೆಗೆ ಹೋಗುವ ದಾರಿಯಲ್ಲಿ ನನ್ನ ಎದೆ ಎರಡು ಇಂಚು ಉಬ್ಬಿತ್ತು. ಗೆದ್ದದ್ದಕ್ಕಿಂತ, ಆ ಬೆರಳುಗಳು ಎಲೆಯನ್ನು ಬಿಡಲಿಲ್ಲವಲ್ಲ, ಅದಕ್ಕೆ ನನಗೆ ಸಂತೋಷ ತಡೆಯಲಾಗಲಿಲ್ಲ.

"ನೋಡಿದ್ಯಾ ಮಿರ್ತಾ? ಒಂದು ಎಲೆನೂ ಬೀಳ್ಲಿಲ್ಲ! ಸಾವಯವ ಅಂದ್ರೆ ಇದು! ವಿಲ್ಮಾರ್‌ಗೆ ಹೇಳು ಹೋಗಿ!"

ಮಿರ್ತಾ ಬೀದಿಯ ಆಚೆ ಬದಿಗೆ ಮುಖ ತಿರುಗಿಸಿದಳು. ಅವಳ ಭುಜ ಕುಲುಕುತ್ತಿತ್ತು. ಅತ್ತೆ ನಿಂತು, ಮೂಗಿನ ಹತ್ತಿ ಕಿತ್ತು ಬಿಸಾಡಿ, ಶಾಲನ್ನು ಮಡಚಿ ನನ್ನ ಕೈಗೆ ಕೊಟ್ಟರು.

"ಎಲ್ಬಿಯೊ, ಬೆರಳಿಗೆ ಹಚ್ಚಿದ್ದು ವಿಲ್ಮಾರ್‌ದೇ ಕಣಪ್ಪ. ನಿನ್ನ ಡಬ್ಬಿ ಬಂದ ಮೇಲೂ ದಿನಾ ಅದನ್ನೇ ಹಚ್ತಿದೀನಿ. ನಿಂದು ಶಾಲಿನ ಅಂಚಿಗೆ ಹಚ್ಚಿದ್ದೆ, ಎದುರಾಳಿಗಳ ಮೂಗಿಗೆ ಅಂತ."

ನನ್ನ ಕೈ, ಕಾಲು, ಬಾಯಿ ಮೂರೂ ಒಟ್ಟಿಗೆ ಸುಮ್ಮನಾದದ್ದು ಬಸ್ಸಿನ ಕೆಲಸಕ್ಕೆ ಸೇರಿದಂದಿನಿಂದ ಅದೇ ಮೊದಲು. ಅತ್ತೆಗೆ ಕನಿಕರ ಬಂದಿರಬೇಕು. ನನ್ನ ಬೆನ್ನು ಸವರಿ, ತುಂಬ ಪ್ರೀತಿಯಿಂದ ಹೇಳಿದರು:

"ಬೇಜಾರು ಮಾಡ್ಕೋಬೇಡ. ಅವನ ಮುಲಾಮಿಂದ ಎಲೆ ಹಿಡ್ಕೊಂಡೆ ಅಷ್ಟೆ, ಗೆದ್ದಿದ್ದು ನಿಂದ್ರಿಂದಲೇ. ಮುಂದಿನ ವರ್ಷಕ್ಕೂ ಮಾಡಪ್ಪ. ಆದ್ರೆ ಮೀನು ಮಾತ್ರ ಕೊಳೆಹಾಕು ಸಾಕು. ಮಧ್ಯದಲ್ಲಿ ಗಿಡ ಯಾಕೆ ಸುಮ್ನೆ!"